ಅಡಿಕೆಯಿಂದ ಮಾತ್ರೆಯವರೆಗೆ: ಗಿಡದೊಳಗೆ ಫಿಟ್ಸ್‌ಗೆ ಔಷಧ ಹುಡುಕುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಚನ್ನಗಿರಿ ಕಡೆ ಬೆಳೆದವರಿಗೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ, ವಾಸನೆ ಏನು ಅಂತ ಹೇಳಿಕೊಡಬೇಕಿಲ್ಲ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುವಾಗ ಆ ಒಗರು ವಾಸನೆ ಬೀದಿ ತುಂಬ ಹಬ್ಬುತ್ತದೆ. ಕೊಯ್ಲಿನ ದಿನಗಳಲ್ಲಿ ನಮ್ಮ ಮನೆಯ ಬಟ್ಟೆಬರೆಗೂ ಅದೇ ವಾಸನೆ, ಅದೇ ಕೆಂಪು ಕಲೆ. ಆ ಅಡಿಕೆಯೊಳಗೆ ಒಂದು ಪುಟ್ಟ ಅಣು ಇದೆ. ಅದರ ಹತ್ತಿರದ ನೆಂಟನನ್ನು ಹಿಡಿದು ಮೂರ್ಛೆ ರೋಗಕ್ಕೆ ಒಂದು ಮಾತ್ರೆ ಮಾಡಿದ್ದಾರೆ ಅನ್ನುವುದು ನನಗೆ ಗೊತ್ತಾಗಿದ್ದು ಎಂ.ಫಾರ್ಮ್ ಸೇರಿದ ಮೇಲೆ. ಮಾತ್ರೆಯ ಹೆಸರು ಟಿಯಾಗಬಿನ್. 1997ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಈಗ ದಾವಣಗೆರೆಯಲ್ಲಿ ಇದೇ ವಿಷಯ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಬಂದು ಕೇಳುತ್ತಾರೆ: "ಸರ್, ನಮ್ಮೂರಲ್ಲಿ ಒಂದು ಎಲೆ ಐತೆ. ಫಿಟ್ಸ್ ಬಂದೋರಿಗೆ ಅರೆದು ಕೊಡ್ತಾರೆ. ಅದರ ಮೇಲೆ ಪ್ರಾಜೆಕ್ಟ್ ಮಾಡ್ಲಾ?" ಮಾಡಿ ಅಂತಲೇ ಹೇಳುತ್ತೇನೆ. ಆದರೆ ಎಲೆಯಿಂದ ಮಾತ್ರೆಗೆ ಹೋಗುವ ದಾರಿ ಉದ್ದ ಇದೆ. ಎಲ್ಲಿ ಎಡವುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತದೆ. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಎಂ.ಫಾರ್ಮ್, ಎಂ.ಎಸ್ಸಿ ಮಾಡುತ್ತಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಅಡಿಕೆಯ ಕಥೆ ಪೂರ್ತಿ ಕೇಳಿ

ಹೆಜ್ಜೆ ಶುರು ಮಾಡುವ ಮೊದಲು ಇದನ್ನು ಹೇಳಲೇಬೇಕು. ಮುಂದೆ ಬರುವ ಎಲ್ಲಾ ಹೆಜ್ಜೆಗೂ ಇದೇ ನಕ್ಷೆ.

ಅಡಿಕೆಯಲ್ಲಿ ಮುಖ್ಯವಾಗಿ ನಾಲ್ಕು ಆಲ್ಕಲಾಯ್ಡ್‌ಗಳಿವೆ (ಗಿಡದಲ್ಲಿ ಸಿಗುವ, ನೈಟ್ರೋಜನ್ ಇರುವ ಸಂಯುಕ್ತಗಳು): ಅರೆಕೊಲಿನ್, ಅರೆಕೈಡಿನ್, ಗುವಾಕೊಲಿನ್, ಗುವಾಸಿನ್. ಅರೆಕೊಲಿನ್ ಜಾಸ್ತಿ, ಉಳಿದವು ಕಡಿಮೆ. ಎಲೆ ಅಡಿಕೆಗೆ ಸುಣ್ಣ ಹಚ್ಚಿ ಜಗಿದಾಗ ಬಾಯೊಳಗೇ ಒಂದು ರಾಸಾಯನಿಕ ಕ್ರಿಯೆ ನಡೆಯುತ್ತದೆ. ಸುಣ್ಣದ ಕ್ಷಾರಕ್ಕೆ ಅರೆಕೊಲಿನ್ ಒಡೆದು ಅರೆಕೈಡಿನ್ ಆಗುತ್ತದೆ, ಗುವಾಕೊಲಿನ್ ಒಡೆದು ಗುವಾಸಿನ್ ಆಗುತ್ತದೆ. ನಾವು ಲ್ಯಾಬ್‌ನಲ್ಲಿ ಕಾಸ್ಟಿಕ್ ಹಾಕಿ ಎಸ್ಟರ್ ಒಡೆಯುತ್ತೇವಲ್ಲ, ಅದೇ ಕೆಲಸವನ್ನು ಅಜ್ಜಿಯರು ಊಟ ಆದಮೇಲೆ ಜಗಲಿ ಮೇಲೆ ಕೂತು ಮಾಡುತ್ತಿದ್ದರು.

ಈ ಗುವಾಸಿನ್ ಏನು ಮಾಡುತ್ತದೆ? ಮೆದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕ ನರಕೋಶಗಳ ಅಬ್ಬರವನ್ನು ತಗ್ಗಿಸುತ್ತದೆ. ಕೆಲಸ ಮುಗಿದ ಮೇಲೆ ಗ್ಯಾಟ್-1 ಎಂಬ ಪ್ರೊಟೀನು ಅದನ್ನು ವಾಪಸ್ ಕೋಶದೊಳಗೆ ಎಳೆದುಕೊಳ್ಳುತ್ತದೆ. ಗುವಾಸಿನ್ ಆ ಎಳೆತವನ್ನು ತಡೆಯುತ್ತದೆ. ಗಾಬಾ ಹೊರಗೇ ಹೆಚ್ಚು ಹೊತ್ತು ಉಳಿಯುತ್ತದೆ. ಗುವಾಸಿನ್‌ನ ಉಂಗುರದಲ್ಲಿರುವ ಒಂದು ಜೋಡಿಬಂಧ ತೆಗೆದರೆ ಸಿಗುವುದು ನಿಪೆಕೋಟಿಕ್ ಆಮ್ಲ. ಅದೂ ಇದೇ ಕೆಲಸ ಮಾಡುತ್ತದೆ. 1970ರ ದಶಕದಲ್ಲೇ ಇಷ್ಟು ತಿಳಿದಿತ್ತು.

ಹಾಗಾದರೆ ಅಡಿಕೆ ತಿಂದರೆ ಫಿಟ್ಸ್ ನಿಲ್ಲಬೇಕಿತ್ತು, ಅಲ್ವಾ? ನಿಲ್ಲುವುದಿಲ್ಲ. ಈ ಎರಡೂ ಅಣುಗಳ ಮೈಮೇಲೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ಚಾರ್ಜು ಇರುತ್ತದೆ. ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ಕೊಬ್ಬಿನಲ್ಲಿ ಕರಗುವುದಿಲ್ಲ. ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿರುವ ತಡೆಯನ್ನು ದಾಟಲು ಅವಕ್ಕೆ ಆಗುವುದಿಲ್ಲ. ಅಡಿಕೆ ಜಗಿದವರಿಗೆ ಸಿಗುವುದು ಬಾಯಿಯ ಕ್ಯಾನ್ಸರಿನ ಅಪಾಯ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಅಡಿಕೆ ಬೆಳೆಗಾರರ ಮಗನಾಗಿ ಇದನ್ನು ಬರೆಯುವುದು ನನಗೆ ಸುಲಭ ಅಲ್ಲ. ಆದರೂ ಬರೆಯಬೇಕು.

ಔಷಧ ರಸಾಯನ ವಿಜ್ಞಾನಿಯ ಕೆಲಸ ಶುರುವಾಗುವುದು ಇಲ್ಲಿಂದ. ನಿಪೆಕೋಟಿಕ್ ಆಮ್ಲದ ನೈಟ್ರೋಜನ್‌ಗೆ ಒಂದು ಜಿಡ್ಡುಪ್ರಿಯ ಬಾಲ ಜೋಡಿಸಿದರು. ಬಾಲದ ತುದಿಯಲ್ಲಿ ಎರಡು ಥಯೋಫೀನ್ ಉಂಗುರಗಳು. ಈಗ ಅಣು ಮೆದುಳಿಗೆ ಹೋಯಿತು. ಗ್ಯಾಟ್-1ಗೂ ಗಟ್ಟಿಯಾಗಿ ಅಂಟಿಕೊಂಡಿತು. ಅದೇ ಟಿಯಾಗಬಿನ್. ನಿಪೆಕೋಟಿಕ್ ಆಮ್ಲದ ಅಣುತೂಕ 129, ಟಿಯಾಗಬಿನ್‌ದು 375. ಅಂದರೆ ಮಾತ್ರೆಯ ಮೂರರಲ್ಲಿ ಎರಡು ಪಾಲು ರಸಾಯನ ವಿಜ್ಞಾನಿಯ ಕೈಕೆಲಸ. ಅಷ್ಟಾದರೂ ಕಥೆ ಮುಗಿಯಲಿಲ್ಲ. ಮೂರ್ಛೆ ರೋಗವೇ ಇಲ್ಲದವರಿಗೆ ಬೇರೆ ಕಾಯಿಲೆಗೆ ಇದನ್ನು ಕೊಟ್ಟಾಗ ಕೆಲವರಿಗೆ ಫಿಟ್ಸ್ ಬಂದವು. 2005ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿತು.

ಹೆಜ್ಜೆ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಈ ಎಲೆ ಫಿಟ್ಸ್‌ಗೆ ಒಳ್ಳೆಯದಾ?" ಅನ್ನುವ ಪ್ರಶ್ನೆಗೆ ಲ್ಯಾಬ್‌ನಲ್ಲಿ ಉತ್ತರ ಇಲ್ಲ. ಒಂದು ಎಲೆಯಲ್ಲಿ ನೂರಾರು ರಾಸಾಯನಿಕ ಇರುತ್ತವೆ. ಫಿಟ್ಸ್ ಕೂಡ ಒಂದೇ ರೋಗ ಅಲ್ಲ. ಮೈಯೆಲ್ಲ ಬಿಗಿದು ಜಗ್ಗುವುದು ಒಂದು ಥರ. ಮಗು ಹತ್ತು ಸೆಕೆಂಡು ಸುಮ್ನೆ ಶೂನ್ಯ ನೋಡುತ್ತಾ ನಿಂತುಬಿಡುವುದು ಇನ್ನೊಂದು ಥರ. ಒಂದಕ್ಕೆ ಕೊಡುವ ಔಷಧ ಇನ್ನೊಂದನ್ನು ಹೆಚ್ಚು ಮಾಡಬಹುದು.

ಹಾಗಾಗಿ ಪ್ರಶ್ನೆ ಹೀಗಿರಲಿ: "ಈ ಗಿಡದ ಈ ಒಂದು ಸಂಯುಕ್ತ, ಇಷ್ಟು ಶುದ್ಧತೆಯಲ್ಲಿ, ಇಷ್ಟು ಡೋಸ್‌ನಲ್ಲಿ, ಈ ಒಂದು ಪ್ರಾಣಿ ಮಾದರಿಯಲ್ಲಿ ಫಿಟ್ಸ್ ತಡೆಯುತ್ತದೆಯೇ?" ಈ ವಾಕ್ಯದ ಖಾಲಿ ಜಾಗಗಳನ್ನು ತುಂಬಲು ಆಗದಿದ್ದರೆ ಸಿನಾಪ್ಸಿಸ್ ಬರೆಯಲು ಕೂರಬೇಡಿ.

ಇನ್ನೊಂದು ಮಾತು. ಗಿಡ ಅಂದರೆ ಒಳ್ಳೆಯದು ಅನ್ನುವ ನಂಬಿಕೆಯನ್ನು ಬಾಗಿಲ ಹೊರಗೇ ಬಿಟ್ಟು ಬನ್ನಿ. ಕಾಸರಕದ ಬೀಜದ ಸ್ಟ್ರಿಕ್ನಿನ್ ಕೂಡ ಗಿಡದ್ದೇ. ಅದು ಮೈ ಬಿಲ್ಲಿನಂತೆ ಬಗ್ಗುವ ಸೆಳೆತ ತರುತ್ತದೆ. ಕಾಕಮಾರಿಯ ಪಿಕ್ರೊಟಾಕ್ಸಿನ್ ಅನ್ನು ಪ್ರಯೋಗಾಲಯದಲ್ಲಿ ಇಲಿಗಳಿಗೆ ಫಿಟ್ಸ್ ಬರಿಸಲೆಂದೇ ಬಳಸುತ್ತಾರೆ. ದೇವರ ಮನೆಯ ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ.

ಹೆಜ್ಜೆ 2: ಗಿಡ ಯಾವುದು ಅಂತ ಖಚಿತ ಮಾಡಿ

ನನ್ನ ಮೊದಲ ವರ್ಷ ಹಾಳಾಗಿದ್ದು ಇಲ್ಲೇ. "ಬ್ರಾಹ್ಮಿ" ಅಂತ ಒಂದು ಅಂಗಡಿಯಿಂದ ಒಣಗಿದ ಸೊಪ್ಪು ಎರಡು ಕಿಲೋ ತಂದೆ. ಎಕ್ಸ್‌ಟ್ರಾಕ್ಟ್ ತೆಗೆದೆ, ಕಾಲಮ್ ಹಾಕಿದೆ, ಏಳು ತಿಂಗಳು ಕಳೆದೆ. ನಾನು ಹುಡುಕುತ್ತಿದ್ದದ್ದು ಬ್ಯಾಕೊಸೈಡ್. ಅದು ಸಿಗಲೇ ಇಲ್ಲ. ಕೊನೆಗೆ ಒಬ್ಬ ಸಸ್ಯಶಾಸ್ತ್ರದ ಮೇಡಂಗೆ ಉಳಿದಿದ್ದ ಸೊಪ್ಪು ತೋರಿಸಿದೆ. ಅವರು ಒಂದು ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿ ಹಾಳೆ ಮೇಲೆ ಬೆರಳಿನಿಂದ ಬಿಡಿಸಿದರು. ದುಂಡಗಿನ ಎಲೆ, ಅಂಚಿಗೆ ಹಲ್ಲು, ಉದ್ದ ತೊಟ್ಟು. "ಇದು ಒಂದೆಲಗ ಕಣಪ್ಪಾ" ಅಂದರು. ನನಗೆ ಬೇಕಿದ್ದದ್ದು ನೀರುಬ್ರಾಹ್ಮಿ, ಅಂದರೆ ಬಕೋಪಾ. ಒಂದೆಲಗ ಸೆಂಟೆಲ್ಲಾ. ಎರಡನ್ನೂ ಬ್ರಾಹ್ಮಿ ಅಂತಲೇ ಮಾರುತ್ತಾರೆ. ಎರಡರ ಕುಟುಂಬವೂ ಬೇರೆ, ಒಳಗಿನ ರಾಸಾಯನಿಕವೂ ಬೇರೆ.

ಶಂಖಪುಷ್ಪಿಯದು ಇನ್ನೂ ಗೋಜಲು. ಆ ಹೆಸರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಗಿಡಗಳು ಮಾರಾಟವಾಗುತ್ತವೆ. ನಮ್ಮ ಕಡೆ ನೀಲಿ ಶಂಖಪುಷ್ಪದ ಬಳ್ಳಿ, ವಿಷ್ಣುಕ್ರಾಂತಿ, ಉತ್ತರದವರ ಕನ್ವಾಲ್ವುಲಸ್, ಮೂರೂ ಅದೇ ಹೆಸರಿನಲ್ಲಿ ಓಡಾಡುತ್ತವೆ.

ಆದ್ದರಿಂದ ಇಷ್ಟು ಮಾಡಿ. ಹೂವು, ಎಲೆ, ಬೇರು ಸಮೇತ ಗಿಡವನ್ನು ನೀವೇ ಕಿತ್ತು ತನ್ನಿ. ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆ ಮಾಡಿ. ಜಾಗ, ದಿನಾಂಕ, ಕಿತ್ತವರ ಹೆಸರು ಬರೆಯಿರಿ. ಸಸ್ಯಶಾಸ್ತ್ರ ವಿಭಾಗದಿಂದ ಗುರುತು ಪತ್ರ ಮತ್ತು ವೌಚರ್ ನಂಬರ್ ಪಡೆಯಿರಿ. ಆ ನಂಬರ್ ಇಲ್ಲದ ಥೀಸಿಸ್ ಓದಲು ನಾನು ಈಗ ಒಪ್ಪುವುದಿಲ್ಲ.

ಹೆಜ್ಜೆ 3: ಅನುಮತಿ

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದಲ್ಲಿ ಔಷಧಿ ಗಿಡ ತುಂಬಾ ಇವೆ ಅಂತ ಎಲ್ಲರಿಗೂ ಗೊತ್ತು. ಅದು ವನ್ಯಜೀವಿ ಧಾಮ. ಅಲ್ಲಿಂದ ಒಂದು ಹಿಡಿ ಸೊಪ್ಪು ತರಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಬೆಳಗ್ಗೆ ವಾಕಿಂಗ್ ಹೋದಾಗ ಕಿತ್ತುಕೊಂಡು ಬಂದೆ ಅಂದರೆ ನಡೆಯುವುದಿಲ್ಲ. ಹೊಲದ ಬದು, ಸ್ವಂತ ತೋಟ, ಮಾರುಕಟ್ಟೆಯಲ್ಲಿ ಸಿಗುವ ಬೆಳೆ ಇವುಗಳಿಂದ ಶುರು ಮಾಡುವುದು ಒಳ್ಳೆಯದು. ಪೇಟೆಂಟ್ ಮಾಡುವ ಯೋಚನೆಯೋ, ವಿದೇಶದವರ ಜೊತೆ ಕೆಲಸ ಮಾಡುವ ಯೋಚನೆಯೋ ಇದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯನ್ನು ಮೊದಲೇ ಓದಿ. ಪ್ರಾಣಿ ಪ್ರಯೋಗಕ್ಕೆ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿ ಸೇರುವುದು ಅಪರೂಪಕ್ಕೆ, ಅರ್ಜಿಯನ್ನು ಮೊದಲ ತಿಂಗಳೇ ಹಾಕಿಬಿಡಿ.

ಹೆಜ್ಜೆ 4: ಸಂಯುಕ್ತವನ್ನು ಹೊರತೆಗೆಯುವುದು (ಮೆಣಸಿನಿಂದ ಕಲಿಯಿರಿ)

ಮೊದಲ ಸಲ ಮಾಡುವವರಿಗೆ ನಾನು ಅಡಿಕೆ ಕೊಡುವುದಿಲ್ಲ. ಅರೆಕೊಲಿನ್ ಎಣ್ಣೆಯಂಥ ದ್ರವ, ವಿಷ. ಗುವಾಸಿನ್ ನೀರಿನಲ್ಲೇ ಉಳಿದುಕೊಳ್ಳುತ್ತದೆ, ಅದನ್ನು ಬೇರ್ಪಡಿಸಲು ಅಯಾನ್ ವಿನಿಮಯದ ಕಾಲಮ್ ಬೇಕು. ಜೊತೆಗೆ ಬೇಯಿಸಿದ ಅಡಿಕೆಯಲ್ಲಿ ಆಲ್ಕಲಾಯ್ಡ್‌ನ ಒಂದಿಷ್ಟು ಪಾಲು ಚೊಗರಿಗೆ ಇಳಿದುಹೋಗಿರುತ್ತದೆ. ಹಂಡೆಗೆ ಬಿದ್ದಿರುವ ರಾಶಿ ಅಡಿಕೆಯಲ್ಲೂ ಮರದಲ್ಲೇ ಹಣ್ಣಾದ ಗೋಟಡಿಕೆಯಲ್ಲೂ ಒಂದೇ ಅಂಕಿ ಬರುವುದಿಲ್ಲ.

ಕಾಳುಮೆಣಸು ಸರಿ. ಮಂಡಿಪೇಟೆಯಲ್ಲಿ ನೂರು ಗ್ರಾಂ ಮಲೆನಾಡಿನ ಮೆಣಸು ತಂದರೆ ಸಾಕು. ಅದರೊಳಗಿನ ಪೈಪರಿನ್ ಅನ್ನು 1819ರಲ್ಲೇ ಓರ್ಸ್ಟೆಡ್ ಬೇರ್ಪಡಿಸಿದ್ದರು. ಸ್ಫಟಿಕವಾಗಿ ಬರುತ್ತದೆ, ಬಣ್ಣ ಕಾಣುತ್ತದೆ, ಫಿಟ್ಸ್ ಸಂಶೋಧನೆಗೂ ನಿಜವಾದ ಸಂಬಂಧ ಇದೆ.

10 ಗ್ರಾಂ ಮೆಣಸನ್ನು ತರಿತರಿಯಾಗಿ ಪುಡಿ ಮಾಡಿ. ಮಿಕ್ಸಿಯಲ್ಲಿ ತೀರಾ ನುಣ್ಣಗೆ ಮಾಡಿದರೆ ಸೋಸುವಾಗ ಫಿಲ್ಟರ್ ಪೇಪರ್ ಕಟ್ಟಿಕೊಳ್ಳುತ್ತದೆ. 150 ಮಿ.ಲೀ. 95 ಪರ್ಸೆಂಟ್ ಎಥನಾಲ್ ಹಾಕಿ ಸಾಕ್ಸ್‌ಲೆಟ್‌ನಲ್ಲಿ ಎರಡು ಗಂಟೆ ಓಡಿಸಿ. ಸೋಸಿ, ರೋಟಾವೇಪರ್‌ನಲ್ಲಿ 10ರಿಂದ 15 ಮಿ.ಲೀ.ಗೆ ಇಳಿಸಿ. ಈಗ ಕೈಯಲ್ಲಿರುವುದು ಹಸಿರು ಕಂದು ಬಣ್ಣದ ಗಟ್ಟಿ ರಸ. ಇದರಲ್ಲಿ ಪೈಪರಿನ್ ಇದೆ, ಜೊತೆಗೆ ರಾಳ, ಆಮ್ಲ, ಎಣ್ಣೆ ಎಲ್ಲಾ ಇದೆ.

ಇದಕ್ಕೆ ಬೆಚ್ಚಗಿನ ಆಲ್ಕೊಹಾಲಿಕ್ ಪೊಟ್ಯಾಶ್ (ಆಲ್ಕೊಹಾಲ್‌ನಲ್ಲಿ ಕರಗಿಸಿದ ಪೊಟ್ಯಾಶಿಯಂ ಹೈಡ್ರಾಕ್ಸೈಡ್) 10 ಮಿ.ಲೀ. ಸೇರಿಸಿ. ಹತ್ತು ಪರ್ಸೆಂಟ್ ಸಾಕು. ರಾಳ ಮತ್ತು ಆಮ್ಲದ ಅಂಶ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಂಡು ಸೋಸಿ. ಇದನ್ನು ಜಾಸ್ತಿ ಹೊತ್ತು ಕುದಿಸಬೇಡಿ, ಪೈಪರಿನ್ನೇ ಒಡೆಯುತ್ತದೆ. ಆಮೇಲೆ ಹನಿ ಹನಿಯಾಗಿ ನೀರು. ಆತುರ ಬೇಡ. ದ್ರಾವಣ ಮಸುಕಾದ ಕೂಡಲೇ ನಿಲ್ಲಿಸಿ. ಪ್ಲಾಸ್ಕಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ರಾತ್ರಿ ಬಿಟ್ಟುಬಿಡಿ. ಬೆಳಕು ಬಿದ್ದರೆ ಪೈಪರಿನ್‌ನ ಜೋಡಿಬಂಧಗಳು ತಿರುಚಿಕೊಂಡು ಬೇರೆ ಐಸೋಮರ್ ಆಗುತ್ತವೆ.

ಬೆಳಗ್ಗೆ ಹಾಳೆ ಬಿಚ್ಚಿದಾಗ ಗಾಜಿನ ತಳದಲ್ಲಿ ಹಳದಿ ಸೂಜಿಗಳು ನಿಂತಿರುತ್ತವೆ. ಮೊದಲ ಸಲ ನೋಡಿದ ವಿದ್ಯಾರ್ಥಿನಿಯೊಬ್ಬಳು ಪ್ಲಾಸ್ಕನ್ನು ಕಿಟಕಿ ಹತ್ತಿರ ಎತ್ತಿ ಹಿಡಿದು ಐದು ನಿಮಿಷ ಮಾತೇ ಆಡಲಿಲ್ಲ. ಹತ್ತು ಗ್ರಾಂ ಮೆಣಸಿಗೆ ಸುಮಾರು 0.3 ಗ್ರಾಂ ಸಿಕ್ಕರೆ ಕೆಲಸ ಚೆನ್ನಾಗಿ ಆಗಿದೆ ಅಂತ ಅರ್ಥ. ಅಸಿಟೋನ್ ಮತ್ತು ಹೆಕ್ಸೇನ್‌ನಲ್ಲಿ ಇನ್ನೊಮ್ಮೆ ಸ್ಫಟಿಕ ಮಾಡಿ.

ಸೊಪ್ಪಿನ ಕೆಲಸವಾದರೆ ಇಷ್ಟು ಸಲೀಸಲ್ಲ. ನೆರಳಲ್ಲಿ ಒಣಗಿಸಿ. ದಾವಣಗೆರೆ ಬಿಸಿಲಿಗೆ ಹಾಕಿದರೆ ಅರ್ಧ ಸಂಯುಕ್ತಗಳು ಟೆರೇಸ್ ಮೇಲೇ ಹೋಗುತ್ತವೆ. ಪೆಟ್ರೋಲಿಯಂ ಈಥರ್, ಈಥೈಲ್ ಅಸಿಟೇಟ್, ಮೆಥನಾಲ್ ಹೀಗೆ ಜಿಡ್ಡಿನಿಂದ ನೀರಿನ ಕಡೆಗೆ ಒಂದೊಂದೇ ದ್ರಾವಕದಲ್ಲಿ ತೆಗೆಯಿರಿ. ಪ್ರತಿ ಭಾಗಕ್ಕೂ ಟಿಎಲ್‌ಸಿ ಹಾಕಿ, ಅಂದರೆ ತೆಳು ಪ್ಲೇಟ್ ಮೇಲೆ ಸಂಯುಕ್ತಗಳನ್ನು ಬೇರೆ ಬೇರೆ ಚುಕ್ಕೆಯಾಗಿ ಬಿಡಿಸಿ ನೋಡಿ. ಡ್ರಾಗೆನ್‌ಡಾರ್ಫ್ ಅನ್ನುವ ಪರೀಕ್ಷಾ ದ್ರಾವಣ ಸಿಂಪಡಿಸಿದಾಗ ಕಿತ್ತಳೆ ಬಣ್ಣ ಬಂದರೆ ಆಲ್ಕಲಾಯ್ಡ್ ಇರಬಹುದು. ಇರಬಹುದು ಅಷ್ಟೇ.

ಹೆಜ್ಜೆ 5: ಶುದ್ಧತೆ ಮತ್ತು ಗುರುತು

"ಪ್ಲೇಟ್‌ನಲ್ಲಿ ಒಂದೇ ಸ್ಪಾಟ್ ಬಂತು ಸರ್" ಅಂದರೆ ನಾನು ಕೇಳುವುದು, "ಎಷ್ಟು ದ್ರಾವಕದಲ್ಲಿ?" ಕನಿಷ್ಠ ಮೂರು ಬೇರೆ ದ್ರಾವಕ ಜೋಡಿಗಳಲ್ಲಿ ಒಂದೇ ಸ್ಪಾಟ್ ಬರಬೇಕು. ಆಮೇಲೆ ಕರಗುವ ಬಿಂದು. ಪೈಪರಿನ್ 128ರಿಂದ 130 ಡಿಗ್ರಿಯಲ್ಲಿ ಕರಗುತ್ತದೆ. ನಿಮ್ಮದು 118ಕ್ಕೆ ಮೆತ್ತಗಾಗಿ 126ರವರೆಗೆ ಎಳೆದರೆ ಇನ್ನೂ ಕೊಳೆ ಇದೆ.

ಯುವಿಯಲ್ಲಿ ಸುಮಾರು 342 ನ್ಯಾನೋಮೀಟರ್ ಹತ್ತಿರ ಶಿಖರ. ಮಾಸ್ ಸ್ಪೆಕ್ಟ್ರಮ್‌ನಲ್ಲಿ 286 (ಅಣುತೂಕ 285ಕ್ಕೆ ಒಂದು ಪ್ರೋಟಾನ್ ಸೇರಿ). ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರ ನಮ್ಮ ಕಡೆ ಎಲ್ಲಾ ಕಾಲೇಜಲ್ಲೂ ಇರುವುದಿಲ್ಲ, ಬೆಂಗಳೂರಿಗೆ ಕಳಿಸಬೇಕಾಗುತ್ತದೆ. ಕಳಿಸುವ ಮೊದಲು ಸ್ಯಾಂಪಲ್ ಪೂರ್ತಿ ಒಣಗಿರಲಿ. ಒದ್ದೆ ಸ್ಯಾಂಪಲ್ ಕಳಿಸಿದರೆ ನಿಮ್ಮ ದುಡ್ಡಿಗೆ ಎಥನಾಲ್‌ನ ಸ್ಪೆಕ್ಟ್ರಮ್ ಬರುತ್ತದೆ. ಪೈಪರಿನ್‌ಗೆ 5.97 ಹತ್ತಿರ ಎರಡು ಹೈಡ್ರೋಜನ್‌ಗಳ ಒಂಟಿ ಗೆರೆ ಕಾಣಬೇಕು. ಎರಡು ಆಕ್ಸಿಜನ್ ನಡುವೆ ಕೂತಿರುವ ಕಾರ್ಬನ್‌ನ ಸಹಿ ಅದು.

ಹೆಜ್ಜೆ 6: ಅಣುವನ್ನು ತಿದ್ದುವುದು

ಇದು ನನ್ನ ಇಷ್ಟದ ಹೆಜ್ಜೆ. ಔಷಧ ರಸಾಯನ ಶಾಸ್ತ್ರ ಅಂದರೆ ನಿಜವಾಗಿ ಇದೇ.

ಮೊದಲು ಮೆದುಳಿಗೆ ಹೋಗುವ ಯೋಗ್ಯತೆ ನೋಡಿ. ಅಣುತೂಕ 450ರ ಒಳಗೆ, ಲಾಗ್ ಪಿ (ನೀರಿಗಿಂತ ಜಿಡ್ಡಿನಲ್ಲಿ ಎಷ್ಟು ಕರಗುತ್ತದೆ ಅನ್ನುವ ಅಳತೆ) ಸುಮಾರು 2ರಿಂದ 4, ಧ್ರುವೀಯ ಮೇಲ್ಮೈ 90 ಚದರ ಆಂಗ್‌ಸ್ಟ್ರಮ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. ಪೈಪರಿನ್ ಅಣುತೂಕ 285, ಅದು ಪಾಸಾಗುತ್ತದೆ. ಸಕ್ಕರೆ ಅಂಟಿಕೊಂಡ ದೊಡ್ಡ ಗ್ಲೈಕೋಸೈಡ್‌ಗಳು ಹೆಚ್ಚಾಗಿ ಫೇಲ್. ಎಪಿಜೆನಿನ್‌ನಂಥ ಫ್ಲೇವನಾಯ್ಡ್‌ಗಳು ಫಿಟ್ಸ್ ನಿಲ್ಲಿಸುವ ಡಯಾಜಿಪಾಮ್ ಔಷಧ ಮೆದುಳಿನಲ್ಲಿ ಕೂರುವ ಜಾಗಕ್ಕೇ ಅಂಟಿಕೊಳ್ಳುತ್ತವೆ ಅಂತ 1990ರ ದಶಕದಲ್ಲೇ ತೋರಿಸಿದ್ದಾರೆ. ಅಂಟಿಕೊಂಡ ಮಾತ್ರಕ್ಕೆ ಔಷಧ ಆಗುವುದಿಲ್ಲ, ಅಲ್ಲಿವರೆಗೆ ತಲುಪಬೇಕು. ಗುವಾಸಿನ್ ಕಲಿಸಿದ ಪಾಠ ಇದೇ.

ಪೈಪರಿನ್‌ನಲ್ಲಿ ಮೂರು ಭಾಗ ಇವೆ. ಒಂದು ತುದಿಗೆ ಮೀಥಿಲೀನ್‌ಡೈಆಕ್ಸಿ ಉಂಗುರ, ನಡುವೆ ಎರಡು ಜೋಡಿಬಂಧದ ಸರಪಳಿ, ಇನ್ನೊಂದು ತುದಿಗೆ ಪೈಪೆರಿಡಿನ್ ಅಮೈಡ್. ಒಂದು ಸಲಕ್ಕೆ ಒಂದು ಭಾಗ ಮಾತ್ರ ಬದಲಾಯಿಸಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಫಲಿತಾಂಶ ಯಾವುದರಿಂದ ಬಂತು ಅಂತ ಹೇಳಲು ಆಗುವುದಿಲ್ಲ. ಚೀನಾದ ರಸಾಯನ ವಿಜ್ಞಾನಿಗಳು ಸರಪಳಿಯಲ್ಲಿ ಒಂದು ಜೋಡಿಬಂಧ ಕಡಿಮೆ ಮಾಡಿದ ಅಣುವನ್ನೇ ಹಿಡಿದರು. ಅದು ಇಲೆಪ್ಸಿಮೈಡ್. ಅಲ್ಲಿ ಮೂರ್ಛೆ ರೋಗಕ್ಕೆ ಬಳಕೆಗೂ ಬಂತು.

ನಮ್ಮ ಲ್ಯಾಬ್‌ಗೆ ಹೊಂದುವ ದಾರಿ ಅಮೈಡ್ ಬದಲಾಯಿಸುವುದು. ಪೈಪರಿನ್ ಅನ್ನು ಆಲ್ಕೊಹಾಲಿಕ್ ಪೊಟ್ಯಾಶ್‌ನಲ್ಲಿ ಗಂಟೆಗಟ್ಟಲೆ ರಿಫ್ಲಕ್ಸ್ ಮಾಡಿ. ನಾಲ್ಕನೇ ಹೆಜ್ಜೆಯಲ್ಲಿ ಜಾಸ್ತಿ ಹೊತ್ತು ಕುದಿಸಬೇಡಿ ಅಂದಿದ್ದೆನಲ್ಲ, ಈಗ ಅದೇ ಬೇಕು. ಪೊಟ್ಯಾಶಿಯಂ ಲವಣ ಕೂರುತ್ತದೆ. ಬಿಸಿನೀರಿನಲ್ಲಿ ಕರಗಿಸಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಹಳದಿ ಪೈಪೆರಿಕ್ ಆಮ್ಲ ಇಳಿಯುತ್ತದೆ. ಕರಗುವ ಬಿಂದು ಸುಮಾರು 216. ಇದನ್ನು ಆಮ್ಲ ಕ್ಲೋರೈಡ್ ಮಾಡಿ, ಪಿರೊಲಿಡಿನ್, ಮಾರ್ಫೊಲಿನ್, ಬೆಂಜೈಲ್ ಅಮೀನ್ ಹೀಗೆ ಒಂದೊಂದಕ್ಕೂ ಜೋಡಿಸಿ. ಫ್ಯೂಮ್ ಹುಡ್ ಕೆಟ್ಟಿದ್ದರೆ ಆಮ್ಲ ಕ್ಲೋರೈಡ್ ಮುಟ್ಟಬೇಡಿ. ಎಂಟು ಹತ್ತು ಸಂಯುಕ್ತ ಸಾಕು. ಐವತ್ತು ಮಾಡಿ ಒಂದನ್ನೂ ಸರಿಯಾಗಿ ಗುರುತಿಸದಿರುವುದಕ್ಕಿಂತ ಅದು ಎಷ್ಟೋ ಮೇಲು.

ಡಾಕಿಂಗ್ ಬಗ್ಗೆ, ಅಂದರೆ ಅಣು ಪ್ರೊಟೀನಿನಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರಿನಲ್ಲಿ ನೋಡುವುದರ ಬಗ್ಗೆ, ಎಲ್ಲರೂ ಕೇಳುತ್ತಾರೆ. ಆಟೊಡಾಕ್ ವಿನಾ ಅನ್ನುವ ಸಾಫ್ಟ್‌ವೇರ್ ಉಚಿತ, ಮಾಡಿ. ಗ್ಯಾಟ್-1 ಜೊತೆ ಟಿಯಾಗಬಿನ್ ಕೂತಿರುವ ರಚನೆ 2022ರಲ್ಲಿ ಪ್ರಕಟವಾಗಿದೆ. ಮೊದಲು ಟಿಯಾಗಬಿನ್ ಅನ್ನೇ ತೆಗೆದು ಮತ್ತೆ ಕೂರಿಸಿ ನೋಡಿ. 2 ಆಂಗ್‌ಸ್ಟ್ರಮ್ ಒಳಗೆ ಹಳೆಯ ಜಾಗಕ್ಕೇ ಬರದಿದ್ದರೆ ನಿಮ್ಮ ಹೊಸ ಅಣುವಿನ ಸ್ಕೋರ್‌ಗೆ ಬೆಲೆ ಇಲ್ಲ. ಸ್ಕೋರ್ ಚೆನ್ನಾಗಿದೆ ಅಂತ "ಫಿಟ್ಸ್ ತಡೆಯುತ್ತದೆ" ಎಂದು ಬರೆಯಲೇಬೇಡಿ.

ಹೆಜ್ಜೆ 7: ಪ್ರಾಣಿಗಳ ಮೇಲೆ ಪರೀಕ್ಷೆ

ಒಂದು ಇಲಿ ಕೂಡ ಸುಮ್ನೆ ಸಾಯಬಾರದು. ಹಿಂದಿನ ಆರು ಹೆಜ್ಜೆ ಸರಿ ಇದ್ದರೆ ಮಾತ್ರ ಇಲ್ಲಿಗೆ ಬನ್ನಿ.

ಎರಡು ಹಳೆಯ ಮಾದರಿಗಳಿವೆ. ಮೊದಲನೆಯದು ವಿದ್ಯುತ್ ಆಘಾತ, ಎಂಇಎಸ್ ಅನ್ನುತ್ತಾರೆ. ಸುಂಡಿಲಿಗೆ ಕಣ್ಣಿನ ಮೂಲಕ 50 ಮಿಲಿ ಆಂಪಿಯರ್, 0.2 ಸೆಕೆಂಡು. ಹಿಂಗಾಲು ಬಿಗಿದು ಹಿಂದಕ್ಕೆ ಚಾಚುವುದು ನಿಂತರೆ ಸಂಯುಕ್ತ ಕೆಲಸ ಮಾಡಿದೆ. 1938ರಲ್ಲಿ ಮೆರಿಟ್ ಮತ್ತು ಪುಟ್ನಮ್ ಬೆಕ್ಕುಗಳ ಮೇಲೆ ವಿದ್ಯುತ್ ಆಘಾತದ ಪರೀಕ್ಷೆ ಮಾಡಿಯೇ ಫೆನಿಟಾಯಿನ್ ಎಂಬ ಫಿಟ್ಸ್ ಔಷಧದ ಗುಣ ಕಂಡುಕೊಂಡರು. ಎರಡನೆಯದು ಪಿಟಿಝಡ್, ಫಿಟ್ಸ್ ಬರಿಸುವ ಈ ರಾಸಾಯನಿಕವನ್ನು ಚರ್ಮದಡಿ 85 ಮಿ.ಗ್ರಾಂ ಪ್ರತಿ ಕಿಲೋಗೆ ಕೊಟ್ಟು ಅರ್ಧ ಗಂಟೆ ನೋಡುವುದು. ಇದು ಗಾಬಾಗೆ ಸಂಬಂಧಿಸಿದ್ದು.

ಈ ಎರಡರಲ್ಲೂ ಫೇಲ್ ಆದ ಒಂದು ಔಷಧ ಇವತ್ತು ಎಲ್ಲಾ ಆಸ್ಪತ್ರೆಯಲ್ಲೂ ಬರೆಯುತ್ತಾರೆ, ಲೆವೆಟಿರಾಸಿಟಮ್. ಅದು ಸಿಕ್ಕಿಬಿದ್ದಿದ್ದು ಬೇರೆ ಮಾದರಿಗಳಲ್ಲಿ. ಹಾಗಾಗಿ ಎರಡರಲ್ಲಿ ಸೋತರೆ "ಈ ಎರಡರಲ್ಲಿ ಕೆಲಸ ಮಾಡಲಿಲ್ಲ" ಅಂತ ಬರೆಯಿರಿ. ಅದಕ್ಕಿಂತ ಹೆಚ್ಚು ಬರೆಯಬೇಡಿ.

ಕಂಟ್ರೋಲ್ ಗುಂಪಿನ (ಹೋಲಿಕೆಗೆ ಇಡುವ, ಸಂಯುಕ್ತ ಕೊಡದ ಗುಂಪು) ವಿಷಯದಲ್ಲಿ ವಾಲ್‌ಪ್ರೋಯೇಟ್ ಅನ್ನುವ ಫಿಟ್ಸ್ ಔಷಧದ ಕಥೆ ಮರೆಯಬೇಡಿ. ವಾಲ್‌ಪ್ರೋಯಿಕ್ ಆಮ್ಲವನ್ನು 1882ರಲ್ಲೇ ತಯಾರಿಸಿದ್ದರು, ಬರೀ ದ್ರಾವಕ ಅಂತ ಬಳಸುತ್ತಿದ್ದರು. 1960ರ ದಶಕದ ಶುರುವಿನಲ್ಲಿ ಫ್ರಾನ್ಸಿನ ಪಿಯೆರ್ ಐಮಾರ್ ಎಂಬ ಯುವ ಸಂಶೋಧಕ, ಕೆಲ್ಲಿನ್ ಅನ್ನುವ ಗಿಡದ ಸಂಯುಕ್ತದಿಂದ ಮಾಡಿದ ಅಣುಗಳನ್ನು ಅದರಲ್ಲಿ ಕರಗಿಸಿ ಪರೀಕ್ಷೆಗೆ ಕೊಟ್ಟರು. ಎಲ್ಲವೂ ಫಿಟ್ಸ್ ತಡೆದವು! ಆಮೇಲೆ ತಿಳಿಯಿತು, ಕೆಲಸ ಮಾಡಿದ್ದು ದ್ರಾವಕ. ಅವರಿಗೆ ಅದು ಅದೃಷ್ಟ. ನಿಮಗೆ ಅದು ಎಚ್ಚರಿಕೆ. ಬರೀ ದ್ರಾವಕ ಕೊಟ್ಟ ಗುಂಪು ಇರಲೇಬೇಕು. ಡಿಎಂಎಸ್‌ಒ ಎಂಬ ದ್ರಾವಕವನ್ನು ಧಾರಾಳವಾಗಿ ಸುರಿಯಬೇಡಿ.

ಇಲಿ ಮಂಪರಿನಲ್ಲಿ ಬಿದ್ದಿದ್ದರೂ ಫಿಟ್ಸ್ ಕಡಿಮೆ ಕಾಣುತ್ತದೆ. ಅದಕ್ಕೇ ರೋಟಾರಾಡ್. ನಿಮಿಷಕ್ಕೆ ಆರು ಸುತ್ತು ತಿರುಗುವ ಕೋಲಿನ ಮೇಲೆ ಒಂದು ನಿಮಿಷ ನಿಲ್ಲಬೇಕು. ಅರ್ಧದಷ್ಟು ಪ್ರಾಣಿಗಳು ಬೀಳುವ ಡೋಸ್ ಅನ್ನು ಅರ್ಧದಷ್ಟನ್ನು ಫಿಟ್ಸ್‌ನಿಂದ ಕಾಪಾಡುವ ಡೋಸ್‌ನಿಂದ ಭಾಗಿಸಿ. ಎಂಇಎಸ್‌ನಲ್ಲಿ ಫೆನಿಟಾಯಿನ್‌ಗೆ ಈ ಅಂಕಿ ಸುಮಾರು 7, ವಾಲ್‌ಪ್ರೋಯೇಟ್‌ಗೆ ಸುಮಾರು 1.6. ನಿಮ್ಮದು 1ರ ಹತ್ತಿರ ಇದ್ದರೆ ನೀವು ನಿದ್ದೆ ಬರಿಸುವ ವಸ್ತು ಹುಡುಕಿದ್ದೀರಿ. ಯಾವ ಇಲಿಗೆ ಏನು ಕೊಟ್ಟಿದೆ ಅಂತ ನೋಡುವವರಿಗೆ ಗೊತ್ತಿರಬಾರದು.

ಹೆಜ್ಜೆ 8: ಈಗಿರುವ ಮಾತ್ರೆಗಳ ಜೊತೆ ಏನಾಗುತ್ತದೆ?

ಬಹಳ ಜನ ಈ ಹೆಜ್ಜೆ ಬಿಟ್ಟುಬಿಡುತ್ತಾರೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಯಾಕಂದರೆ ರೋಗಿ ಈಗಾಗಲೇ ಮಾತ್ರೆ ತಗೊಳ್ಳುತ್ತಿರುತ್ತಾನೆ.

ಫೆನಿಟಾಯಿನ್ ರಕ್ತದಲ್ಲಿ ಮಿ.ಲೀ.ಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. ಕಡಿಮೆ ಆದರೆ ಫಿಟ್ಸ್, ಜಾಸ್ತಿ ಆದರೆ ತೂರಾಡುತ್ತಾ ನಡೆಯುವುದು, ಕಣ್ಣು ಓಲಾಡುವುದು. ಲಿವರ್ ಅದನ್ನು ಕರಗಿಸುವ ಶಕ್ತಿಗೆ ಒಂದು ಮಿತಿ ಇದೆ. ಆ ಮಿತಿ ಮುಟ್ಟಿದ ಮೇಲೆ ಡೋಸ್ ಸ್ವಲ್ಪ ಏರಿದರೂ ಮಟ್ಟ ಸರ್ರನೆ ಏರುತ್ತದೆ. ಪೈಪರಿನ್ ಔಷಧ ಕರಗಿಸುವ ಕಿಣ್ವಗಳನ್ನು ತಡೆಯುತ್ತದೆ. ಮೆಣಸು ಹಾಕಿದ ಸೂಪ್ ಜೊತೆ ಫೆನಿಟಾಯಿನ್ ಕೊಟ್ಟ ಪ್ರಯೋಗದಲ್ಲಿ ಅದರ ಮಟ್ಟ ಏರಿತ್ತು. ಶಂಖಪುಷ್ಪಿಯ ಒಂದು ಆಯುರ್ವೇದ ತಯಾರಿಕೆಯದು ಉಲ್ಟಾ ಕಥೆ. ಅದನ್ನು ಜೊತೆಗೆ ತಗೊಂಡ ರೋಗಿಗಳಲ್ಲಿ ಫಿಟ್ಸ್ ಹತೋಟಿ ತಪ್ಪಿತು. ಇಲಿಗಳಲ್ಲಿ ನೋಡಿದಾಗ ಫೆನಿಟಾಯಿನ್ ಮಟ್ಟ ಇಳಿದಿತ್ತು. 1990ರ ದಶಕದ ಆರಂಭದಲ್ಲೇ ಭಾರತದ ಸಂಶೋಧಕರು ಇದನ್ನು ವರದಿ ಮಾಡಿದ್ದಾರೆ. ಯಾರೂ ಸಾರಿಗೆ ಮೆಣಸು ಹಾಕುವುದನ್ನು ಬಿಡಬೇಕಿಲ್ಲ. ಚಮಚಗಟ್ಟಲೆ ಪುಡಿ, ಕ್ಯಾಪ್ಸೂಲ್ ತಗೊಳ್ಳುವವರು ಮಾತ್ರ ಡಾಕ್ಟರಿಗೆ ಹೇಳಲೇಬೇಕು. ನಿಮ್ಮ ಸಂಯುಕ್ತವನ್ನು ಒಂಟಿಯಾಗಿ ಪರೀಕ್ಷಿಸಿದ ಹಾಗೆ ಫೆನಿಟಾಯಿನ್ ಜೊತೆ ಸೇರಿಸಿಯೂ ಒಂದು ಗುಂಪು ಇಡಿ. ರಕ್ತದ ಮಟ್ಟ ಅಳೆಯಿರಿ.

ಹೆಜ್ಜೆ 9: ಬರೆಯುವುದು, ಮತ್ತು ಊರಿನವರಿಗೆ ಉತ್ತರ ಕೊಡುವುದು

ಥೀಸಿಸ್‌ನಲ್ಲಿ ಸೋತ ಸಂಯುಕ್ತಗಳನ್ನೂ ಬರೆಯಿರಿ. ನಿಮ್ಮ ನಂತರ ಬರುವವರು ಅದೇ ಮಾರ್ಫೊಲಿನ್ ಅಮೈಡ್‌ಗೆ ಆರು ತಿಂಗಳು ಕಳೆಯುವುದು ತಪ್ಪುತ್ತದೆ. ಪೇಪರಿನವರು ಬಂದು "ದಾವಣಗೆರೆಯಲ್ಲಿ ಮೂರ್ಛೆ ರೋಗಕ್ಕೆ ಮದ್ದು ಪತ್ತೆ" ಅಂತ ಬರೆಯಲು ಹೊರಟರೆ ತಡೆಯಿರಿ. ಮೂರ್ಛೆ ರೋಗ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಒಂದು ಸಲ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದರು. ಅವರ ಕಿರಿ ಮಗನಿಗೆ ಎಂಟು ವರ್ಷದಿಂದ ಫಿಟ್ಸ್. "ನೀನು ಅದೇನೋ ಹಳದಿ ಹರಳು ಮಾಡ್ತೀಯಂತಲ್ಲಪ್ಪಾ. ಇಲಿಗೆ ನಿಲ್ತಂತೆ. ಇವ್ನಿಗೂ ಒಂಚೂರು ಕೊಡು. ಆ ಮಾತ್ರೆ ನುಂಗಿ ನುಂಗಿ ಮಗ ಸೋತು ಹೋಗೈತೆ" ಅಂದರು.

"ಕೊಡಲ್ಲ ದೊಡ್ಡಮ್ಮ" ಅಂದೆ. "ಮೊದ್ಲು ಅವನ ಮಾತ್ರೆ ಡಬ್ಬಿ ತೋರ್ಸು."

ಅವರು ಗೂಡಿನಿಂದ ಸ್ಟೀಲ್ ಡಬ್ಬಿ ತಂದರು. ಮುಚ್ಚಳದ ಮೇಲೆ ಕುಂಕುಮ. ಒಳಗೆ ನಾಲ್ಕು ಮಾತ್ರೆ ಮಿಕ್ಕಿದ್ದವು. ದಿನಕ್ಕೆ ಮೂರು ನುಂಗಬೇಕಾದ ಹುಡುಗ. ಹಬ್ಬಕ್ಕೆ ಅಂಗಡಿ ಮುಚ್ಚಿರುತ್ತದೆ, ಎರಡು ದಿನ ಬಿಟ್ಟರೆ ಏನಾಗುತ್ತೆ ಅಂತ ಅಂದುಕೊಂಡಿದ್ದರಂತೆ. ದಿಢೀರ್ ಅಂತ ನಿಲ್ಲಿಸಿದರೆ ಬಿಡುವಿಲ್ಲದೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹಳೇ ಚೀಟಿ ಹುಡುಕಿಕೊಂಡು ಬೈಕ್ ಹತ್ತಿದೆ. ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೆಡಿಕಲ್ ಶಾಪ್ ತೆರೆದಿತ್ತು. ಎರಡು ತಿಂಗಳಿಗೆ ಆಗುವಷ್ಟು ತಂದು ಅದೇ ಡಬ್ಬಿಗೆ ತುಂಬಿಸಿಟ್ಟೆ.